ನಾಯಿಗೆ ನಾಲ್ಕು ಥರ ಊಟ ಹಾಕಿ, ಕಕ್ಕ ನೋಡಿ ಮಾಡಿದ ತೀರ್ಮಾನ

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಮನೇಲಿ ಬೇಯಿಸಿದ ಚಿಕನ್, ಅನ್ನ, ಸಿಹಿಗುಂಬಳಕ್ಕೆ. ಕಕ್ಕ ಎಲ್ಲಕ್ಕಿಂತ ನೀಟಾಗಿ ಬಂದಿದ್ದು ಅದರಲ್ಲಲ್ಲ, ಡಾಕ್ಟರ್ ಬರ್ಕೊಟ್ಟ ಡ್ರೈ ಫುಡ್‌ನಲ್ಲಿ. ಆದ್ರೂ ಓಟು ಇದಕ್ಕೇ.

ನಮ್ಮ ಚಿನ್ನಿ ಬೀದಿಯಿಂದ ಬಂದ ನಾಡು ನಾಯಿ, 16 ಕೆಜಿ ಆಸುಪಾಸು, ವಾಕಿಂಗ್ ಹೋದ್ರೆ ಮೂಗು ನೆಲದಿಂದ ಮೇಲೆ ಎತ್ತಲ್ಲ. ವ್ಯಾಕ್ಸಿನ್ ಎಲ್ಲ ಆಗಿದೆ, ಜಂತುಹುಳು ಮಾತ್ರೆನೂ ಟೈಮಿಗೆ ಸರಿಯಾಗಿ ಹಾಕ್ತೀವಿ, ಹಾಗಾಗಿ ಇಲ್ಲಿ ಬರೀತಿರೋದು ಬರೀ ಊಟದ ಹೋಲಿಕೆ. ನಿಮ್ಮದು ವ್ಯಾಕ್ಸಿನ್ ಆಗದ ಮರಿ, ವಾಂತಿ ಜೊತೆ ರಕ್ತ ಬೆರೆತ ಕೆಟ್ಟ ವಾಸನೆ ಮೋಷನ್ ಆಗ್ತಿದೆ ಅಂದ್ರೆ ಇದನ್ನ ಓದ್ತಾ ಕೂರಬೇಡಿ, ಪಾರ್ವೋ ಅನ್ನೋ ಜೀವಕ್ಕೇ ಕುತ್ತಾಗೋ ವೈರಸ್ ಕಾಯಿಲೆ ಇರಬಹುದು, ಈಗಲೇ ಡಾಕ್ಟರ್ ಹತ್ರ ಓಡಿ.

ಮಾರ್ಕ್ಸ್ ಹಾಕೋಕೆ ಡಾಕ್ಟರ್‌ಗಳು ಬಳಸೋ 1ರಿಂದ 7ರ ಚಾರ್ಟನ್ನೇ ಇಟ್ಕೊಂಡೆ. 1 ಅಂದ್ರೆ ಆಡಿನ ಹಿಕ್ಕೆ ಥರ ಒಣಗಿದ ಗಟ್ಟಿ ಉಂಡೆ, 7 ಅಂದ್ರೆ ಬರೀ ನೀರು. ನಮಗೆ ಬೇಕಿರೋದು 2, ಹೆಚ್ಚಂದ್ರೆ 3, ಪೇಪರಲ್ಲಿ ಎತ್ತಿದ್ರೆ ನೆಲದ ಮೇಲೆ ಕಲೆ ಉಳೀಬಾರದು ಅಷ್ಟೆ. ಆಕಾರದ ಜೊತೆ ಇನ್ನೊಂದು ನೋಡ್ಬೇಕು. ದಿನಕ್ಕೆ ಎರಡು ಮೂರು ಸಲವೇ ಹೋದ್ರೂ ಪ್ರತೀ ಸಲ ರಾಶಿ ರಾಶಿ ಹೋಗಿ, ನಾಯಿ ಸೊರಗ್ತಾ ಇದ್ರೆ ತೊಂದರೆ ಸಣ್ಣ ಕರುಳಲ್ಲಿ. ಗಳಿಗೆಗೊಂದು ಸಲ ಕೂತು, ತಿಣುಕಿ, ಚೂರೇ ಚೂರು ಲೋಳೆ ಜೊತೆ ಬಂದ್ರೆ, ಕೆಲವು ಸಲ ತುದೀಲಿ ಕೆಂಪು ರಕ್ತದ ಗೆರೆ ಇದ್ರೆ ಅದು ದೊಡ್ಡ ಕರುಳಿನ ಕಥೆ. ಡಾಕ್ಟರ್‌ಗೆ ಫೋನಲ್ಲಿ 'ಲೂಸ್ ಮೋಷನ್' ಅಂತಷ್ಟೇ ಹೇಳೋ ಬದಲು ಇದನ್ನ ಹೇಳಿದ್ರೆ ಅವರಿಗೆ ಅರ್ಧ ಕೆಲಸ ಕಮ್ಮಿ.

ಈಗ ಅಂಗಡಿ ಡ್ರೈ ಫುಡ್. ಹೆಸರು ಬೇಡ, ಕೆಂಪು, ಹಸಿರು, ಹಳದಿ ಬಣ್ಣದ ಕಾಳು ಮಿಕ್ಸ್ ಆಗಿರೋ ಥರದ್ದು, ಕಮ್ಮಿ ರೇಟಿನದು. ಪ್ಯಾಕೆಟ್ ಹಿಂದೆ ಪದಾರ್ಥಗಳ ಪಟ್ಟಿ ತೂಕದ ಲೆಕ್ಕದಲ್ಲಿ ಇರತ್ತೆ, ಹೆಚ್ಚು ಹಾಕಿರೋದು ಮೊದಲು. ಇದರಲ್ಲಿ ಮೊದಲಿಗೇ ಜೋಳ, ಗೋಧಿ, ಮಾಂಸದ ಹೆಸರು ಹುಡುಕಬೇಕು. ಪರಿಣಾಮ ಏನಪ್ಪಾ ಅಂದ್ರೆ ತಿಂದಿದ್ದಕ್ಕಿಂತ ಹೆಚ್ಚು ಹೊರಗೆ ಬಂತೇನೋ ಅನ್ನೋ ಹಾಗೆ ಗುಡ್ಡೆ. ಅದನ್ನ ಬೇಕಾದ್ರೆ ಸಹಿಸ್ಕೋಬಹುದು, ಇನ್ನೊಂದು ಚೀಲ ಜಾಸ್ತಿ ತಗೊಂಡು ಹೋದ್ರಾಯ್ತು.

ನನ್ನ ತಲೆ ಕೆಡಿಸಿದ್ದು ಆ ಬಣ್ಣ. ಕೆಂಪು ಕಾಳು ಜಾಸ್ತಿ ತಿಂದ ಮಾರನೇ ದಿನ ಕಕ್ಕಕ್ಕೂ ಕೆಂಪು ಛಾಯೆ. ಬೆಳಗ್ಗೆ ಬೆಳಕು ಸರಿಯಾಗಿ ಬಿಡೋ ಮೊದಲೇ ಟಾರ್ಚ್ ಹಾಕ್ಕೊಂಡು ರಸ್ತೆ ಪಕ್ಕ ಕುಕ್ಕರಗಾಲಲ್ಲಿ ಕೂತು ಇದು ರಕ್ತನಾ ಬಣ್ಣನಾ ಅಂತ ನೋಡೋದು, ಪಕ್ಕದಲ್ಲಿ ಹಾಲು ತರೋಕೆ ಹೊರಟ ಅಂಕಲ್ 'ಏನಮ್ಮಾ ಏನಾದ್ರೂ ಕಳ್ಕೊಂಡ್ಯಾ' ಅನ್ನೋದು. ರಕ್ತ ಆದ್ರೆ ಸಾಮಾನ್ಯವಾಗಿ ಮೇಲ್ಗಡೆ ಗೆರೆ ಥರ, ಹನಿ ಥರ, ಲೋಳೆ ಜೊತೆ ಅಂಟ್ಕೊಂಡಿರತ್ತೆ, ಊಟದ ಬಣ್ಣ ಆದ್ರೆ ಒಳಗೂ ಹೊರಗೂ ಒಂದೇ ಸಮ. ಹೇಳೋಕೆ ಸುಲಭ, ಮೋಷನ್ ಮೆತ್ತಗಿದ್ದ ದಿನ ಈ ವ್ಯತ್ಯಾಸ ಕಾಣಲ್ಲ. ಸ್ಯಾಂಪಲ್ ತಗೊಂಡು ಹೋಗಿ ಟೆಸ್ಟ್ ಮಾಡಿಸಿದ್ರೆ ಏನೂ ಇಲ್ಲ ಅಂತ ಬಂತು. ಆ ಸ್ಯಾಂಪಲ್ ಫ್ರೆಶ್ ಆಗಿರಬೇಕು, ಇವಳು ಹೋಗೋದು ಆರು ಗಂಟೆಗೆ, ಲ್ಯಾಬ್ ತೆಗೆಯೋದು ಹತ್ತಕ್ಕೆ, ಅಲ್ಲಿ ತನಕ ಫ್ರಿಜ್ಜಲ್ಲಿ ಇಡಿ ಅಂತಾರೆ. ನಮ್ಮಮ್ಮನ ಫ್ರಿಜ್ಜಲ್ಲಿ! ಐಸ್ ಹಾಕಿದ ಬಕೆಟ್ ಒಳಗೆ ಡಬ್ಬಿ ಇಟ್ಟು ಬಾಲ್ಕನೀಲಿ ಕಾವಲು ಕೂತಿದ್ದಾಯ್ತು.

ನಾಯಿಗಳಿಗೆ ಕೆಂಪು ಹಸಿರು ನಮ್ಮ ಹಾಗೆ ಬೇರೆ ಬೇರೆ ಕಾಣೋದೇ ಇಲ್ಲ, ಅಂದ್ಮೇಲೆ ಆ ಬಣ್ಣ ಹಾಕಿರೋದು ದುಡ್ಡು ಕೊಡೋ ನಮಗೋಸ್ಕರ. ಕಕ್ಕದ ಬಣ್ಣ ನೋಡಿ ನಾಯಿ ಆರೋಗ್ಯ ತಿಳ್ಕೋಬೇಕಾದವರು ನಾವು, ನಮ್ಮ ಕಣ್ಣಿಗೇ ಬಣ್ಣ ಬಳಿದ ಹಾಗಾಯ್ತು. ಚೀಲ ಮುಗಿಯೋ ಮೊದಲೇ ನಿಲ್ಲಿಸಿದೆ.

ಎರಡನೇದು ಅಮ್ಮನ ಮೊಸರನ್ನ. ಹಾಲಿಗಿಂತ ಮೊಸರಲ್ಲಿ ಲ್ಯಾಕ್ಟೋಸ್ ಅನ್ನೋ ಹಾಲಿನ ಸಕ್ಕರೆ ಕಮ್ಮಿ, ಅದಕ್ಕೇ ಹಾಲು ಕುಡಿದ್ರೆ ಭೇದಿ ಆಗೋ ಎಷ್ಟೋ ನಾಯಿಗಳು ಮೊಸರು ತಿಂದು ಆರಾಮಾಗಿರ್ತವೆ. ಅನ್ನನೂ ಸಮಸ್ಯೆ ಅಲ್ಲ, ತೋಳಕ್ಕಿಂತ ನಾಯಿಗೆ ಪಿಷ್ಟ ಅರಗಿಸೋ ಜೀನ್ ಪ್ರತಿಗಳು ಜಾಸ್ತಿ ಅಂತ 2013ರಲ್ಲೇ ಸಂಶೋಧನೆ ಬಂದಿದೆ. ಹೊಟ್ಟೆ ಕೆಟ್ಟ ದಿನ ಒಂದೆರಡು ಹೊತ್ತಿಗೆ ಸರಿ, ದಿನಾ ಇದೇ ಅಂದ್ರೆ ಪ್ರೋಟೀನ್ ಎಲ್ಲಿಂದ ಬರಬೇಕು? ಮಾರ್ಕ್ಸ್ 4, ಸ್ವಲ್ಪ ಮೆತ್ತಗೆ. ಸಾರು, ಸಾಂಬಾರ್ ಕಲಸಿ ಮಾತ್ರ ಹಾಕ್ಬೇಡಿ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಒಡೆದು ಹಾಕತ್ತೆ.

ಮಧ್ಯದಲ್ಲಿ ರಾಗಿ ಗಂಜಿನೂ ಹಾಕಿದ್ದೆ. ಕಕ್ಕ ಕಪ್ಪಗಾಗತ್ತೆ, ಗಾಬರಿ ಬೇಡ. ಡಾಂಬರಿನ ಥರ ಅಂಟಂಟಾಗಿ, ಹೊಳೀತಾ, ಕೆಟ್ಟ ವಾಸನೆ ಇದ್ರೆ ಮಾತ್ರ ಅದು ಮೇಲೆ ಎಲ್ಲೋ ಹೊಟ್ಟೇಲಿ ಸುರಿದು ಜೀರ್ಣ ಆಗಿ ಬಂದ ರಕ್ತ, ಆಗ ಡಾಕ್ಟರ್.

ಡಾಕ್ಟರ್ ಬರ್ಕೊಟ್ಟ, ಹೊಟ್ಟೆಗೆ ಅಂತಲೇ ಮಾಡಿರೋ ಡ್ರೈ ಫುಡ್ ಬಗ್ಗೆ ಕೆಟ್ಟದ್ದು ಹೇಳೋಕೆ ಏನೂ ಇಲ್ಲ, ರೇಟ್ ಬಿಟ್ಟು. ಪುಸ್ತಕದಲ್ಲಿ ಬರೆದ ಹಾಗೆ 2, ಗಾತ್ರ ಚಿಕ್ಕದು, ಬಣ್ಣ ಕಂದು. ಇನ್ನೊಂದು ಲಾಭ, ಕಕ್ಕ ಗಟ್ಟಿ ಇದ್ರೆ ಹೋಗುವಾಗ ಗುದದ ಪಕ್ಕದ ಗ್ರಂಥಿಗಳು ತಾನಾಗೇ ಖಾಲಿ ಆಗ್ತವೆ, ಚಿನ್ನಿ ಕುಂಡಿ ನೆಲಕ್ಕೆ ಉಜ್ಜೋದು ನಿಂತೇಹೋಯ್ತು. ಆದ್ರೆ ಕೆಜಿಗೆ ಸಾವಿರದ ಮೇಲೆ ಕೊಟ್ಟು ತಿಂಗಳಾನುಗಟ್ಟಲೆ ಹಾಕೋಕೆ ನನ್ನ ಸಂಬಳ ಒಪ್ಪಲ್ಲ.

ಇನ್ನು ನಮ್ಮ ಮನೆ ಅಡುಗೆ. ಚರ್ಮ ತೆಗೆದ ಬೋನ್‌ಲೆಸ್ ಚಿಕನ್ ಅರ್ಧದಷ್ಟು, ಅದಕ್ಕಿಂತ ಸ್ವಲ್ಪ ಕಮ್ಮಿ ಅನ್ನ, ಮೇಲೆ ಎರಡು ಮೂರು ಚಮಚ ಬೇಯಿಸಿ ಮಸೆದ ಸಿಹಿಗುಂಬಳ. ಉಪ್ಪು ಇಲ್ಲ, ಮಸಾಲೆ ಇಲ್ಲ. ಕುಂಬಳದ ನಾರು ನೀರಾಗಿರೋದನ್ನ ಹಿಡಿದಿಡತ್ತೆ, ಗಟ್ಟಿ ಇದ್ರೆ ಸಡಿಲ ಮಾಡತ್ತೆ, ಎರಡಕ್ಕೂ ಆಗತ್ತೆ. ಜಾಸ್ತಿ ಹಾಕಿದ್ರೆ ಕಿತ್ತಳೆ ಬಣ್ಣದ ಮುದ್ದೆ ಬರತ್ತೆ. ಬೇಯಿಸಿದ ಮೂಳೆ ಬೇಡವೇ ಬೇಡ, ಚೂಪಾಗಿ ಒಡೆಯತ್ತೆ, ಸುಣ್ಣದ ಥರ ಬಿಳೀ ಗಟ್ಟಿ ಕಕ್ಕ ಆಗಿ ನಾಯಿ ತಿಣುಕಾಡತ್ತೆ. ಮೂಳೆ ಇಲ್ಲ ಅಂದ್ಮೇಲೆ ಕ್ಯಾಲ್ಶಿಯಂ ಬೇರೆ ಕೊಡ್ಲೇಬೇಕು, ನಾನು ಮೊಟ್ಟೆ ಚಿಪ್ಪು ಒಣಗಿಸಿ ಮಿಕ್ಸೀಲಿ ನುಣ್ಣಗೆ ಪುಡಿ ಮಾಡ್ತೀನಿ, ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಶಿಯಂ ಇರತ್ತೆ, ನಿಮ್ಮ ನಾಯಿಗೆ ಎಷ್ಟು, ಜೊತೆಗೆ ಬೇರೆ ವಿಟಮಿನ್ ಏನು ಬೇಕು ಅಂತ ಡಾಕ್ಟರ್ ಹತ್ರ ಕೇಳಿ.

ಮಾರ್ಕ್ಸ್ 3, ಒಂದೊಂದು ದಿನ 2. ಆದ್ರೂ ಇದೇ ಗೆದ್ದಿದ್ದು ಯಾಕೆ ಅಂದ್ರೆ ತಟ್ಟೆಗೆ ಏನು ಹಾಕಿದೆ ಅಂತ ನನಗೆ ಪೂರ್ತಿ ಗೊತ್ತು. ಅಂಗಡಿಯವನು ಚಿಕನ್ ಜೊತೆ ಚರ್ಮ ಸೇರಿಸಿ ಕೊಟ್ಟ ಮಾರನೇ ದಿನ ಜಿಡ್ಡು ಜಿಡ್ಡಾಗಿ ಹೊಳೆಯೋ ಕಕ್ಕ ಬಂತು, ಚರ್ಮ ತೆಗೆದೆ, ಸರಿಹೋಯ್ತು. ಡ್ರೈ ಫುಡ್‌ನಲ್ಲಿ ಹೀಗಾದ್ರೆ ಯಾವುದನ್ನ ತೆಗೀತೀರಿ?

ಒಂದೇ ತಕರಾರು, ಅನ್ನ ಹಾಕೋ ಮನೇಲಿ ಲಾಡಿಹುಳು ಬೇಗ ಗೊತ್ತಾಗಲ್ಲ. ಅದರ ತುಂಡುಗಳೂ ಅಕ್ಕಿಕಾಳಿನ ಥರಾನೇ ಇರ್ತವೆ. ಫ್ರೆಶ್ ಇದ್ದಾಗ ಅಲ್ಲಾಡತ್ತೆ, ಬಾಲದ ಕೆಳಗಿನ ಕೂದಲಲ್ಲಿ ಒಣಗಿ ಎಳ್ಳಿನ ಹಾಗೆ ಅಂಟ್ಕೊಂಡಿರತ್ತೆ, ಅನ್ನ ಅಲ್ಲಿಗೆ ಹೋಗಿ ಕೂರಲ್ಲ. ಇದು ಹರಡೋದು ಚಿಗಟದಿಂದ, ಹಾಗಾಗಿ ಬರೀ ಹುಳದ ಮಾತ್ರೆ ಹಾಕಿ ಚಿಗಟ ಬಿಟ್ರೆ ಮತ್ತೆ ಬರತ್ತೆ.

ನಮ್ಮ ಮನೇಲಿ ಹೇಗೂ ದಿನಾ ಕುಕ್ಕರ್ ಕೂಗತ್ತೆ, ಭಾನುವಾರ ಚಿಕನ್ ಬೇಯಿಸಿ ಡಬ್ಬಿಗೆ ಹಾಕಿ ಫ್ರೀಜರಲ್ಲಿ ಇಟ್ರೆ ವಾರ ಪೂರ್ತಿ ನಡೆಯತ್ತೆ, ಅದಕ್ಕೇ ನನಗೆ ಇದು ಸುಲಭ. ಇಬ್ಬರೂ ಆಫೀಸಿಗೆ ಹೋಗೋ ಮನೆ, ಅಡುಗೆ ಮಾಡೋದೇ ಅಪರೂಪ ಅನ್ನೋರು ಬಣ್ಣ ಇಲ್ಲದ, ಮಾಂಸ ಮೊದಲು ಬರೆದಿರೋ ಡ್ರೈ ಫುಡ್ ತಗೊಳ್ಳಿ. ನಾನೂ ಊರಿಗೆ ಹೋಗುವಾಗ ಅಂತ ಡಾಕ್ಟರ್ ಫುಡ್‌ನ ಚಿಕ್ಕ ಪ್ಯಾಕ್ ಒಂದು ಇಟ್ಟಿರ್ತೀನಿ. ಹೊರಡೋ ಹಿಂದಿನ ರಾತ್ರಿ ಏಕ್‌ದಂ ಬದಲಾಯಿಸ್ಬೇಡಿ, ವಾರ ಮುಂಚಿಂದ ಕಾಲು ಭಾಗ, ಅರ್ಧ, ಮುಕ್ಕಾಲು ಅಂತ ಬೆರೆಸ್ತಾ ಬನ್ನಿ, ಇಲ್ಲಾಂದ್ರೆ ಕಾರಿನ ಹಿಂದಿನ ಸೀಟಲ್ಲೇ 6 ಮಾರ್ಕ್ಸ್ ಬೀಳತ್ತೆ.