ಡಿಬಿಎಸ್ ಹಾಕಿಸಿಕೊಂಡು ಹಲವು ವರ್ಷ: ಮೆಷಿನ್‌ಗಿಂತ ಸೆಟ್ಟಿಂಗ್ ಮುಖ್ಯ

ಪಾರ್ಕಿನ್ಸನ್‌ಗೆ ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಅಂದರೆ ಮೆದುಳಿಗೆ ತಂತಿ ಇಳಿಸಿ ಕರೆಂಟ್ ಕೊಡುವ ಸಾಧನ) ಹಾಕಿಸಿಕೊಳ್ಳುವ ಯೋಚನೆಯಲ್ಲಿರುವವರು ಸಿಕ್ಕಿದರೆ ಮೊದಲು ಕೇಳುವುದು ಒಂದೇ: ಯಾವ ಕಂಪನಿಯದು ಒಳ್ಳೆಯದು? ಮೆಡ್‌ಟ್ರಾನಿಕ್, ಬೋಸ್ಟನ್ ಸೈಂಟಿಫಿಕ್, ಅಬಾಟ್ ಎಂದು ಮೂರು ಹೆಸರು ಎಲ್ಲರ ಬಾಯಲ್ಲೂ ಇರುತ್ತವೆ. ಈ ಸಾಧನವನ್ನು ಮೈಯೊಳಗೆ ಇಟ್ಟುಕೊಂಡು ಹಲವು ವರ್ಷ ಕಳೆದ ನಾನು ಹೇಳುವುದು ಇಷ್ಟು. ಕಂಪನಿ ಆಮೇಲೆ ನೋಡಿ. ಹಾಕಿದ ಮೇಲೆ ಆ ಕರೆಂಟಿನ ಸೆಟ್ಟಿಂಗ್ ಮಾಡುವವರು ಯಾರು, ಅವರು ಎಷ್ಟು ಹೊತ್ತು ಕೊಡುತ್ತಾರೆ, ನಿಮ್ಮ ಊರಿಂದ ಅಲ್ಲಿಗೆ ಎಷ್ಟು ದೂರ, ಇದನ್ನು ಮೊದಲು ವಿಚಾರಿಸಿ.

ನಾನು ಸಾಗರದವನು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಬೋರ್ಡಿನ ಮೇಲೆ ಅಕ್ಷರ ಸಾಲು ಮುಂದೆ ಹೋದ ಹಾಗೆ ಸಣ್ಣದಾಗುತ್ತಾ ಬಂದಿದ್ದೇ ನನ್ನ ಕಾಯಿಲೆಯ ಮೊದಲ ಗುರುತು. ಆಮೇಲೆ ಬಲಗೈ ನಡುಕ, ಮೈ ಬಿಗಿತ. ಲೆವೊಡೋಪಾ ಮಾತ್ರೆ ಮೊದಮೊದಲು ಚೆನ್ನಾಗಿ ಹಿಡಿಯಿತು. ವರ್ಷಗಳು ಕಳೆದ ಹಾಗೆ ಒಂದು ಮಾತ್ರೆಯ ಶಕ್ತಿ ಇನ್ನೊಂದು ಮಾತ್ರೆಯ ಹೊತ್ತಿನವರೆಗೆ ನಿಲ್ಲಲಿಲ್ಲ. ಮಾತ್ರೆ ಇಳಿದಾಗ ಕೂತ ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ. ಏರಿದಾಗ ಮೈಯೆಲ್ಲ ತಾನಾಗಿ ಹೊಯ್ದಾಡುತ್ತಿತ್ತು. ನಮ್ಮ ಕಾಯಿಲೆಯವರು ಇದಕ್ಕೆ 'ಆಫ್' ಮತ್ತು 'ಆನ್' ಎನ್ನುತ್ತೇವೆ. ಡಾಕ್ಟರು ಡಿಬಿಎಸ್ ಮಾತು ಎತ್ತಿದ್ದು ಆ ಹಂತದಲ್ಲಿ.

ಹಾಗಂತ ಕೇಳಿದವರಿಗೆಲ್ಲ ಹಾಕುವುದಿಲ್ಲ. ರಾತ್ರಿಯಿಂದ ಮಾತ್ರೆ ನಿಲ್ಲಿಸಿ ಬೆಳಿಗ್ಗೆ ಪರೀಕ್ಷೆ ಮಾಡುತ್ತಾರೆ, ಮಾತ್ರೆ ಕೊಟ್ಟು ಮತ್ತೆ ಪರೀಕ್ಷೆ ಮಾಡುತ್ತಾರೆ. ಸಾಮಾನ್ಯವಾಗಿ ಕನಿಷ್ಠ 30 ಶೇಕಡಾ ಆದರೂ ಸುಧಾರಣೆ ಕಾಣಬೇಕು. ಇದರ ಹಿಂದಿನ ಲೆಕ್ಕ ಸರಳ: ನಡುಕವೊಂದನ್ನು ಬಿಟ್ಟರೆ, ಮಾತ್ರೆಗೆ ಬಗ್ಗದ ತೊಂದರೆ ಈ ತಂತಿಗೂ ಬಗ್ಗುವುದಿಲ್ಲ.

ಆಪರೇಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಲೆಗೆ ಚೌಕಟ್ಟು ಬಿಗಿಯುವಾಗ ನೋವಾಗುತ್ತದೆ, ಮೆದುಳಿಗೆ ನೋವು ಗೊತ್ತಾಗುವುದಿಲ್ಲ. ನನ್ನನ್ನು ಎಚ್ಚರವಾಗಿಯೇ ಇಟ್ಟು ಕೈ ತೆರೆದು ಮುಚ್ಚಿಸಿದರು. ಈಗ ಪೂರ್ತಿ ಮಲಗಿಸಿ ಮಾಡುವವರೂ ಇದ್ದಾರೆ. ಮೆದುಳಿನ ಎರಡೂ ಕಡೆ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಸಣ್ಣ ಜಾಗಕ್ಕೆ ಒಂದೊಂದು ತಂತಿ. ಅವು ಕಿವಿಯ ಹಿಂದಿನಿಂದ ಚರ್ಮದ ಅಡಿಯಲ್ಲೇ ಇಳಿದು, ಕಾಲರ್ ಮೂಳೆಯ ಕೆಳಗೆ ಇಟ್ಟ ಬ್ಯಾಟರಿ ಡಬ್ಬಿಗೆ ಸೇರುತ್ತವೆ. ಮೊದಲು ಈ ಕಾಯಿಲೆಗೆ ಮೆದುಳಿನ ಒಂದು ಸಣ್ಣ ಭಾಗವನ್ನು ಸುಟ್ಟುಬಿಡುತ್ತಿದ್ದರಂತೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡಾ. ಬೆನಾಬಿಡ್ ಅವರ ತಂಡ, ಸುಡುವ ಬದಲು ಜೋರು ವೇಗದ ಕರೆಂಟ್ ಕೊಡುತ್ತಲೇ ಇದ್ದರೆ ನಡುಕ ನಿಲ್ಲುತ್ತದೆ ಎಂದು ತೋರಿಸಿತು. ಸುಟ್ಟದ್ದನ್ನು ಸರಿಮಾಡಲು ಆಗುವುದಿಲ್ಲ, ಕರೆಂಟನ್ನು ಏರಿಸಿ ಇಳಿಸಬಹುದು. ನನ್ನ ಇಡೀ ವಿಮರ್ಶೆ ಈ ಏರಿಸಿ ಇಳಿಸುವುದರ ಬಗ್ಗೆಯೇ.

ಆಪರೇಷನ್ ಆದ ಮೇಲೆ ನನಗೆ ಕೆಲವು ವಾರ ಕಾಯಿಸಿದರು. ತಂತಿ ಇಳಿಸಿದ ಜಾಗದಲ್ಲಿ ಊತ ಬಂದು, ಕರೆಂಟ್ ಇಲ್ಲದೆಯೇ ನಡುಕ ಕಡಿಮೆ ಆದ ಹಾಗೆ ಕಾಣುತ್ತದೆ. ಆ ಊತ ಇಳಿಯಬೇಕು. ಮೊದಲ ಪ್ರೋಗ್ರಾಮಿಂಗ್‌ಗೆ, ಅಂದರೆ ಕರೆಂಟ್ ಸೆಟ್ಟಿಂಗ್ ಮಾಡಿಸಲು, ಮಾತ್ರೆ ನುಂಗದೆ ಬರಲು ಹೇಳಿದ್ದರು. ಡಾಕ್ಟರು ಎದುರು ಕೂತು, ಒಂದು ಕೈಯಲ್ಲಿ ನನ್ನ ಬಲ ಮಣಿಕಟ್ಟು ಹಿಡಿದು ಮೆಲ್ಲಗೆ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಟ್ಯಾಬ್ಲೆಟ್ ಕಂಪ್ಯೂಟರಿನ ಮೇಲೆ ಕರೆಂಟ್ ಏರಿಸುತ್ತಾ ಹೋದರು. ಬಿಗಿತ ಇರುವ ಕೈ ಹಲ್ಲುಚಕ್ರದ ಹಾಗೆ ತಡೆದು ತಡೆದು ತಿರುಗುತ್ತದೆ. ನೋಡ್ತಾ ನೋಡ್ತಾ ಆ ತಡೆ ಹೋಗಿ ಮಣಿಕಟ್ಟು ಸಲೀಸಾಗಿ ತಿರುಗಿತು. ಇನ್ನೂ ಏರಿಸಿದಾಗ ಬೆರಳ ತುದಿ ಜುಮ್ ಎಂದಿತು, ಆಮೇಲೆ ತುಟಿಯ ಬಲ ಮೂಲೆ ಎಳೆಯಿತು, ನಾಲಿಗೆ ತೊದಲಿತು. "ಸಾಕು ಮೇಷ್ಟ್ರೇ, ಇಲ್ಲಿಗೆ ನಿಲ್ಲಿಸೋಣ" ಎಂದು ಬರೆದುಕೊಂಡರು. ನನ್ನ ಒಂದೊಂದು ತಂತಿಯ ತುದಿಯಲ್ಲೂ ನಾಲ್ಕು ಕರೆಂಟ್ ಬಿಂದು. ಎಂಟರಲ್ಲಿ ಪ್ರತಿಯೊಂದಕ್ಕೂ ಇದೇ ಪರೀಕ್ಷೆ. ಸಾಮಾನ್ಯವಾಗಿ ಸೆಕೆಂಡಿಗೆ 130 ಮಿಡಿತ, ಒಂದೊಂದೂ 60 ಮೈಕ್ರೋಸೆಕೆಂಡ್, ಇಲ್ಲಿಂದ ಶುರು ಮಾಡುತ್ತಾರೆ.

ಅದಾದ ಮೇಲಿನ ತಿಂಗಳುಗಳೇ ನಿಜವಾದ ಕೆಲಸ. ಕರೆಂಟ್ ಏರಿದ ಹಾಗೆ ಮಾತ್ರೆ ಇಳಿಸಬೇಕು, ಇಲ್ಲದಿದ್ದರೆ ಮೈ ಹೊಯ್ದಾಟ ಶುರುವಾಗುತ್ತದೆ. ನಡುಕ ನಿಲ್ಲುವುದು ಕ್ಷಣದಲ್ಲಿ ಕಾಣುತ್ತದೆ. ನಡಿಗೆಯ ಮೇಲೆ ಏನಾಯಿತು ಎಂದು ತಿಳಿಯಲು ದಿನಗಳು ಬೇಕು. ಒಂದು ಸಲ ಕರೆಂಟ್ ಏರಿಸಿ ಬಂದ ಮೇಲೆ ನನಗೇನೋ ಹುರುಪು ಬಂದ ಹಾಗಿತ್ತು. ನಮ್ಮ ಮನೆಯವರು ಮಾತ್ರ ಡಾಕ್ಟರಿಗೆ ಫೋನ್ ಮಾಡಿ, "ಇವರು ಹೀಗೆ ಸಿಡಿಮಿಡಿ ಮಾಡುವವರೇ ಅಲ್ಲ, ಏನೋ ಬದಲಾಗಿದೆ" ಎಂದರು. ಮುಂದಿನ ಭೇಟಿಯಲ್ಲಿ ಬೇರೆ ಬಿಂದುವಿಗೆ ಬದಲಾಯಿಸಿದರು, ಸಿಡುಕು ಹೋಯಿತು. ಆ ಜಾಗ ಮನಸ್ಸಿನ ಸರ್ಕಿಟ್ಟುಗಳಿಗೂ ಹತ್ತಿರ. ಅದಕ್ಕೇ ಪ್ರೋಗ್ರಾಮಿಂಗ್‌ಗೆ ಒಬ್ಬರೇ ಹೋಗಬೇಡಿ, ನಿಮ್ಮನ್ನು ದಿನಾ ನೋಡುವವರನ್ನು ಕರೆದುಕೊಂಡು ಹೋಗಿ.

ಸಿಕ್ಕಿದ್ದೇನು? ನನ್ನ ಮಾತ್ರೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಅಂಗಿಯ ಗುಂಡಿ ನಾನೇ ಹಾಕಿಕೊಳ್ಳುತ್ತೇನೆ. ಸಾರು ಕಲಸಿದ ಅನ್ನ ಬಾಯಿಗೆ ಹೋಗುತ್ತದೆ, ಅಂಗಿಗಲ್ಲ. ಎಲ್ಲಕ್ಕಿಂತ ದೊಡ್ಡದು, ರಾತ್ರಿ ಮಗ್ಗುಲು ಬದಲಿಸಲು ಯಾರನ್ನೂ ಎಬ್ಬಿಸಬೇಕಾಗಿಲ್ಲ. ಈ ಕಾಯಿಲೆ ಇರುವವರಿಗೆ ಇದರ ಬೆಲೆ ಗೊತ್ತು.

ಸಿಗದಿದ್ದದ್ದನ್ನೂ ಹೇಳಬೇಕು. ಕಾಯಿಲೆ ನಿಂತಿಲ್ಲ, ಅದರ ಪಾಡಿಗೆ ಮುಂದೆ ಹೋಗುತ್ತಿದೆ. ಬ್ಯಾಲೆನ್ಸ್ ಸುಧಾರಿಸಲಿಲ್ಲ, ತಿರುಗುವಾಗ ಈಗಲೂ ಗೋಡೆ ಹಿಡಿಯುತ್ತೇನೆ. ದನಿ ಮೊದಲಿಗಿಂತ ಸಣ್ಣದಾಗಿದೆ. ಮೂವತ್ತೈದು ಮಕ್ಕಳ ಕ್ಲಾಸಿಗೆ ಕೇಳಿಸುತ್ತಿದ್ದ ದನಿ ಈಗ ಫೋನಿನಲ್ಲಿ ಮಗನಿಗೆ ಕೇಳಿಸುವುದಿಲ್ಲ ಎಂಬುದು ನನಗೆ ನೋವು ಕೊಡುವ ವಿಷಯ. ಕರೆಂಟ್ ಇಳಿಸಿದರೆ ಮಾತು ಬಿಡಿಸಿಕೊಳ್ಳುತ್ತದೆ, ಕೈ ಬಿಗಿಯುತ್ತದೆ. ಎರಡರ ನಡುವೆ ಒಂದು ಜಾಗ ಹುಡುಕಿಕೊಂಡಿದ್ದೇವೆ.

ನನ್ನದು ಚಾರ್ಜ್ ಮಾಡುವ ಮಾದರಿ. ಚಾರ್ಜ್ ಮಾಡದ ಮಾದರಿಯ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷ ಬರುತ್ತದೆ, ಆಮೇಲೆ ಎದೆ ಕೊಯ್ದು ಡಬ್ಬಿ ಬದಲಿಸಬೇಕು. ಚಾರ್ಜ್ ಮಾಡುವಂಥದ್ದು 15 ವರ್ಷದವರೆಗೂ ಬರಬಹುದು. ಬದಲಿಗೆ ಚಾರ್ಜರ್ ತಟ್ಟೆಯನ್ನು ಡಬ್ಬಿಯ ಮೇಲೆ ಸರಿಯಾಗಿ ಕೂರಿಸಿ ಪಟ್ಟಿ ಕಟ್ಟಿಕೊಂಡು ಸುಮ್ನೆ ಕೂರಬೇಕು. ಸ್ವಲ್ಪ ಜರುಗಿದರೂ ಬೀಪ್ ಹೊಡೆಯುತ್ತದೆ, ಚರ್ಮ ಬೆಚ್ಚಗಾಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಹಾಗಾಗಿ ಜೂನ್ ಬಂತೆಂದರೆ ಬ್ಯಾಟರಿ ಅರ್ಧಕ್ಕೆ ಇಳಿಯುವ ಮೊದಲೇ ಕೂತುಬಿಡುತ್ತೇನೆ. ಪೂರ್ತಿ ಖಾಲಿಯಾಗಲು ಬಿಡಬಾರದು. ಮೆದುಳಿಗೆ ಹೋಗುವ ಕರೆಂಟ್ ನಿಂತರೆ ನಡುಕ ನಿಮಿಷಗಳಲ್ಲೇ ವಾಪಸ್ ಬರುತ್ತದೆ. ವಯಸ್ಸಾದವರಿಗೆ, ಒಬ್ಬರೇ ಇರುವವರಿಗೆ ಚಾರ್ಜ್ ಮಾಡದ ಮಾದರಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮನೆಯವರೆಲ್ಲರಿಗೂ ಹೇಳಿಡಿ: ಡಯಾಥರ್ಮಿ, ಅಂದರೆ ಮೆಷಿನ್‌ನಿಂದ ಮೈಯೊಳಗೆ ಬಿಸಿ ಹುಟ್ಟಿಸುವ ಚಿಕಿತ್ಸೆ, ಬೇಡವೇ ಬೇಡ. ಮಂಡಿನೋವಿಗೆಂದು ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲಿನ ಹುಡುಗ ಶಾರ್ಟ್‌ವೇವ್ ಮೆಷಿನ್ ತಳ್ಳಿಕೊಂಡು ಬಂದ. "ಮಂಡಿಗೆ ತಾನೇ ಸಾರ್, ತಲೆಗಲ್ಲವಲ್ಲ" ಎಂದ. ನಮ್ಮ ಮನೆಯವರು ಕೂಡಲೇ ಸಾಧನದ ಕಾರ್ಡ್ ತೆಗೆದು ತೋರಿಸಿ ನಿಲ್ಲಿಸಿದರು. ಮೈಯ ಯಾವ ಭಾಗಕ್ಕೆ ಕೊಟ್ಟರೂ ಆ ಶಕ್ತಿ ತಂತಿಯ ಮೂಲಕ ಮೆದುಳಿಗೆ ಹೋಗಿ ಸುಡಬಹುದು, ಪ್ರಾಣಕ್ಕೇ ಅಪಾಯ. ಎಂಆರ್‌ಐ ಬೇಕಾದರೆ ನಿಮ್ಮ ಮಾದರಿಗೆ ಯಾವ ಷರತ್ತು ಇದೆ ಎಂದು ಡಿಬಿಎಸ್ ತಂಡವನ್ನು ಕೇಳಿಯೇ ಮಾಡಿಸಿ. ವಿಮಾನ ನಿಲ್ದಾಣದಲ್ಲಿ ಕಾರ್ಡ್ ತೋರಿಸಿ, ಕೈಯಲ್ಲಿ ತಪಾಸಣೆ ಮಾಡಿ ಎನ್ನಿ. ನಸುಗುನ್ನಿ ಪುಡಿ ತಿನ್ನಿ ಎಂದು ಯಾರಾದರೂ ಪ್ರೀತಿಯಿಂದ ಕೊಟ್ಟರೆ ಡಾಕ್ಟರಿಗೆ ತಿಳಿಸದೆ ತಿನ್ನಬೇಡಿ. ಅದರಲ್ಲಿ ಲೆವೊಡೋಪಾವೇ ಇದೆ, ಕಷ್ಟಪಟ್ಟು ಹೊಂದಿಸಿದ ಲೆಕ್ಕ ತಪ್ಪುತ್ತದೆ.

ಖರ್ಚು ಲಕ್ಷಗಟ್ಟಲೆ, ಅದರಲ್ಲಿ ದೊಡ್ಡ ಪಾಲು ಸಾಧನದ್ದೇ. ನಮ್ಮ ವಿಮಾ ಕಂಪನಿ ಮೊದಲು ಆಗುವುದಿಲ್ಲ ಎಂದಿತು. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐಯ 2019ರ ಮಾರ್ಗಸೂಚಿಯಲ್ಲಿ ವಿಮೆಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿ ಇತ್ತು, ಡಿಬಿಎಸ್ ಅದರಲ್ಲಿತ್ತು. ಅದನ್ನು ತೋರಿಸಿ ಬರೆದ ಮೇಲೆ ಪಾಲಿಸಿಯ ಮಿತಿಯವರೆಗೆ ಕೊಟ್ಟರು. ಮಿತಿ ಎಷ್ಟು ಎಂದು ಮೊದಲೇ ಓದಿಕೊಳ್ಳಿ.

ನಿಮ್ಹಾನ್ಸ್ ಸೇರಿ ಬೆಂಗಳೂರಿನ ಕೆಲವು ಆಸ್ಪತ್ರೆಗಳಲ್ಲಿ ಇದನ್ನು ಮಾಡುತ್ತಾರೆ. ಎಲ್ಲಿಗೇ ಹೋದರೂ, ಒಪ್ಪಿಗೆ ಕೊಡುವ ಮೊದಲು ಪ್ರೋಗ್ರಾಮಿಂಗ್ ನಡೆಯುವ ದಿನ ಹೋಗಿ ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಬನ್ನಿ. ಒಳಗಿಂದ ಬಂದವರನ್ನು, ಅವರ ಜೊತೆಯವರನ್ನು ಮಾತಾಡಿಸಿ. ಡಾಕ್ಟರು ಎಷ್ಟು ಹೊತ್ತು ಕೂತರು, ಮನೆಗೆ ಹೋದ ಮೇಲೆ ತೊಂದರೆ ಆದರೆ ಫೋನ್ ಎತ್ತುವವರು ಯಾರು ಎಂದು ಕೇಳಿ. ನಮ್ಮ ಕಾಯಿಲೆಯವರು ಧಾರಾಳವಾಗಿ ಹೇಳುತ್ತಾರೆ.