ಪಿಆರ್‌ಪಿ ದುಡ್ಡಿಗೆ ತಕ್ಕದ್ದಾ? ಹನಿ, ಮಾತ್ರೆ, ಸೂಜಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ

ಬೆಂಗಳೂರಿನಲ್ಲಿ ಯಾರ ಕೂದಲು ಉದುರಿದರೂ ಮೊದಲು ಬೈಸಿಕೊಳ್ಳುವುದು ಬೋರ್ ನೀರು. ಆಮೇಲೆ ಹೆಲ್ಮೆಟ್, ಆಮೇಲೆ ಶಾಂಪೂ, ಕೊನೆಗೆ ಆಫೀಸ್ ಟೆನ್ಶನ್. ನಮ್ಮಪ್ಪ ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ, ಬಾವಿ ನೀರಲ್ಲೇ ಸ್ನಾನ, ಜನ್ಮದಲ್ಲಿ ಹೆಲ್ಮೆಟ್ ಹಾಕಿದವರಲ್ಲ, ಆದರೂ ನಲವತ್ತಕ್ಕೆಲ್ಲ ನೆತ್ತಿ ಹೊಳೆಯುತ್ತಿತ್ತು. ಹಾಗಾಗಿ ನನ್ನ ಹಣೆಯ ಎರಡೂ ಮೂಲೆ ಹಿಂದಕ್ಕೆ ಸರಿಯತೊಡಗಿದಾಗ ನೀರಿನ ಮೇಲೆ ತಪ್ಪು ಹೊರಿಸೋಕೆ ನನಗೆ ಮುಖ ಇರಲಿಲ್ಲ. ಚರ್ಮದ ಡಾಕ್ಟರ್ ನೆತ್ತಿಯ ಮೇಲೆ ಪುಟ್ಟ ಲೆನ್ಸ್ ಒಂದನ್ನು ಒತ್ತಿ ಪರದೆಯಲ್ಲಿ ತೋರಿಸಿದರು. ದಪ್ಪ ಕೂದಲ ಪಕ್ಕದಲ್ಲೇ ಕಂಡೂ ಕಾಣದಂಥ ಸಣಕಲು ಕೂದಲು, ಹೀಗೇ ಬೆರಕೆ. ಹಿಂದಲೆಯಲ್ಲಿ ಮಾತ್ರ ಎಲ್ಲ ಒಂದೇ ಗಾತ್ರ. "ಇದು ವಂಶದ್ದೇ, ಬೇರೆ ಕಾರಣ ಹುಡುಕಬೇಡಿ" ಅಂದರು.

ಅಲ್ಲಿಂದ ಶುರುವಾಗಿ ತಲೆಗೆ ಹಚ್ಚುವ ಹನಿ ಮಿನಾಕ್ಸಿಡಿಲ್, ನುಂಗುವ ಮಾತ್ರೆ ಫಿನಾಸ್ಟರೈಡ್, ನಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ತುಂಬಿದ ಭಾಗ ತೆಗೆದು ಸೂಜಿಯಲ್ಲಿ ಚುಚ್ಚುವ ಪಿಆರ್‌ಪಿ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ), ಅದರ ದುಬಾರಿ ತಮ್ಮ ಜಿಎಫ್‌ಸಿ, ಎಲ್ಲ ನೋಡಿಯಾಯಿತು. ಪಿಯುಸಿ ಕಾಲದ ಮೊಡವೆ ಗುಳಿಗಳಿಗೆ ಅಂತ ಮುಖಕ್ಕೂ ಪಿಆರ್‌ಪಿ ಮಾಡಿಸಿದ್ದೇನೆ. ನಾನು ಡಾಕ್ಟರ್ ಅಲ್ಲ, ಸುಮ್ನೆ ದುಡ್ಡು ಕೊಟ್ಟು ತಲೆ ಕೊಟ್ಟವನು. ಯಾವುದು ಎಷ್ಟು ಕೆಲಸ ಮಾಡಿತು ಅಂತ ನನ್ನ ಲೆಕ್ಕದಲ್ಲಿ ಹೇಳುತ್ತೇನೆ.

ಮೊದಲು ಹನಿ. ಮಿನಾಕ್ಸಿಡಿಲ್ ಶುರುವಾದದ್ದು ಬಿಪಿ ಮಾತ್ರೆಯಾಗಿ. ಅಮೆರಿಕದಲ್ಲಿ 1979ರಲ್ಲಿ ಬಂತು. ನುಂಗಿದವರಿಗೆ ಮೈಮೇಲೆ ಕಂಡಕಂಡಲ್ಲಿ ಕೂದಲು ಬರತೊಡಗಿದ್ದು ನೋಡಿ ತಲೆಗೆ ಹಚ್ಚುವ ದ್ರಾವಣ ಮಾಡಿದರು, ಅದಕ್ಕೆ 1988ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಟುಗೇನ್, ಮಿಂಟಾಪ್ ಅಂತೆಲ್ಲ ಹೆಸರಲ್ಲಿ ಸಿಗುತ್ತದೆ. ಗಂಡಸರಿಗೆ ಸಾಮಾನ್ಯವಾಗಿ ಬರೆದುಕೊಡುವುದು 5 ಪರ್ಸೆಂಟಿನದು, ಬೆಳಿಗ್ಗೆ 1 ಎಂಎಲ್, ರಾತ್ರಿ 1 ಎಂಎಲ್, 60 ಎಂಎಲ್ ಬಾಟಲಿ ಒಂದು ತಿಂಗಳಿಗೆ. ನನಗೆ ಬೀಳುವುದು ಸುಮಾರು 700 ರೂಪಾಯಿ.

ಕೇಳೋಕೆ ಸುಲಭ. ಮಾಡಿ ನೋಡಿದರೆ ಗೊತ್ತಾಗುತ್ತೆ. ಹಚ್ಚಿದ ತಕ್ಷಣ ಕೂದಲು ಅಂಟಂಟಾಗಿ ಗುಂಪುಗುಂಪಾಗಿ ನಿಂತು ಬೋಳು ಇನ್ನೂ ಜಾಸ್ತಿ ಕಾಣುತ್ತದೆ. ಒಣಗದೆ ಹೆಲ್ಮೆಟ್ ಹಾಕುವ ಹಾಗಿಲ್ಲ, ಒಣಗದೆ ಮಲಗಿದರೆ ದಿಂಬಿಗೆ ಹಚ್ಚಿದ ಹಾಗಾಯಿತು. ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಕೆಲವರಿಗೆ ಆಗಿಬರುವುದಿಲ್ಲ, ತುರಿಕೆ, ಹೊಟ್ಟು ಬರುತ್ತೆ. ನನಗೂ ಬಂತು. ನೊರೆಯ ರೂಪದ್ದಕ್ಕೆ ಬದಲಾಯಿಸಿದ ಮೇಲೆ ನಿಂತಿತು, ಬೆಲೆ ಮಾತ್ರ ಏರಿತು. ಇನ್ನೊಂದು ವಿಷಯ: ಮೊದಲ ಒಂದೆರಡು ತಿಂಗಳು ಉದುರುವುದು ಕಮ್ಮಿಯಾಗಲ್ಲ, ಜಾಸ್ತಿಯಾಗುತ್ತದೆ. ಹಳೇ ಕೂದಲನ್ನು ತಳ್ಳಿ ಹೊಸದು ಹೊರಡುವ ಹೊತ್ತು ಅದು. ಬಚ್ಚಲಿನ ಜಾಲರಿ ನೋಡಿ ಎದೆ ಧಸಕ್ ಅನ್ನುತ್ತೆ, ಎಷ್ಟೋ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ನಾಲ್ಕು ತಿಂಗಳಾದರೂ ತಡೆದುಕೊಂಡರೆ ಮಾತ್ರ ಏನಾದರೂ ಕಾಣಿಸುತ್ತದೆ. ಮನೆಯಲ್ಲಿ ಬೆಕ್ಕಿದ್ದರಂತೂ ಹುಷಾರು, ಈ ಔಷಧಿ ಬೆಕ್ಕಿಗೆ ವಿಷ. ತಲೆ ನೆಕ್ಕಿದರೂ ಸಾಕು, ದಿಂಬು ನೆಕ್ಕಿದರೂ ಸಾಕು.

ನನ್ನ ತಲೆಯಲ್ಲಿ ಹನಿ ಕೆಲಸ ಮಾಡಿದ್ದು ನೆತ್ತಿಯಲ್ಲಿ. ಹಣೆಯ ಮೂಲೆಗಳಲ್ಲಿ ಬೂದಿಬಣ್ಣದ ರೋಮ ಬಂತು, ಅಷ್ಟೇ.

ಇನ್ನು ಮಾತ್ರೆ. ಫಿನಾಸ್ಟರೈಡ್ 1 ಎಂಜಿ, ಕೂದಲಿಗೆ ಅಂತ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಅದಕ್ಕೂ ಮೊದಲು 5 ಎಂಜಿಯದನ್ನು ಪ್ರಾಸ್ಟೇಟ್ ಊತಕ್ಕೆ ಕೊಡುತ್ತಿದ್ದರು. ಕೂದಲ ಬೇರನ್ನು ಸಣ್ಣ ಮಾಡುವ ಡಿಎಚ್‌ಟಿ ಅನ್ನುವ ಹಾರ್ಮೋನ್ ಇದೆಯಲ್ಲ, ಅದನ್ನು ಸುಮಾರು ಮೂರರಲ್ಲಿ ಎರಡು ಪಾಲು ಇಳಿಸುತ್ತದೆ. ಅಂದರೆ ಈ ಮೂರರಲ್ಲಿ ಕಾರಣಕ್ಕೇ ಕೈ ಹಾಕುವುದು ಇದೊಂದೇ. ಹನಿಯೂ ಪಿಆರ್‌ಪಿಯೂ ಬೇರಿಗೆ ಗೊಬ್ಬರ ಹಾಕುತ್ತವೆ, ಡಿಎಚ್‌ಟಿ ಅದರ ಪಾಡಿಗೆ ಅದು ಇದ್ದೇ ಇರುತ್ತದೆ.

ಇದರ ಬಗ್ಗೆ ಎಲ್ಲರಿಗೂ ಇರುವ ಭಯ ಒಂದೇ, ಬಾಯಿಬಿಟ್ಟು ಯಾರೂ ಹೇಳಲ್ಲ. ಲೈಂಗಿಕ ಆಸಕ್ತಿ ಕುಗ್ಗುತ್ತಾ? ಕಂಪನಿಯದೇ ಪರೀಕ್ಷೆಗಳಲ್ಲಿ ಅಂಥ ತೊಂದರೆ ಹೇಳಿದವರು ನೂರಕ್ಕೆ ನಾಲ್ಕು ಮಂದಿಯಷ್ಟು, ಡಮ್ಮಿ ಮಾತ್ರೆ ನುಂಗಿದವರಲ್ಲೂ ಇಬ್ಬರು. ಬಿಟ್ಟ ಮೇಲೂ ತೊಂದರೆ ಹೋಗಲಿಲ್ಲ ಅನ್ನುವವರು ಇದ್ದಾರೆ, ಮನಸ್ಸು ಕುಗ್ಗಿತು ಅನ್ನುವವರೂ ಇದ್ದಾರೆ, ಆ ಎಚ್ಚರಿಕೆ ಮಾತ್ರೆಯ ಜೊತೆ ಬರುವ ಚೀಟಿಯಲ್ಲೂ ಇದೆ. ನನಗೆ ಏನೂ ಆಗಲಿಲ್ಲ. ಆದರೆ ಶುರು ಮಾಡುವ ಮುಂಚೆ ಹೆಂಡತಿ ಜೊತೆ ಕೂತು ಮಾತಾಡಿದೆ, ನೀವೂ ಮಾತಾಡಿ, ಗುಟ್ಟಾಗಿ ನುಂಗುವ ವಸ್ತುವಲ್ಲ ಇದು. ಬಸುರಿ ಹೆಂಗಸರು ಪುಡಿಯಾದ ಮಾತ್ರೆಯನ್ನು ಮುಟ್ಟಲೂ ಬಾರದು, ಹೊಟ್ಟೆಯಲ್ಲಿರುವ ಗಂಡು ಮಗುವಿಗೆ ತೊಂದರೆ. ರಕ್ತದಾನ ಮಾಡುವವರಾದರೆ ಮಾತ್ರೆ ಬಿಟ್ಟು ಒಂದು ತಿಂಗಳಾಗಬೇಕು. ಖರ್ಚು ನೋಡಿದರೆ ಇದೇ ಎಲ್ಲಕ್ಕಿಂತ ಅಗ್ಗ, ತಿಂಗಳಿಗೆ 250 ರೂಪಾಯಿ ಆಸುಪಾಸು.

ಮಾತ್ರೆಯಿಂದ ಹೊಸ ಕೂದಲು ಬಂತಾ ಅಂದರೆ ಸ್ವಲ್ಪ ಬಂತು. ದೊಡ್ಡ ಲಾಭ ಅಂದರೆ ಇದ್ದದ್ದು ನಿಂತಿತು. ಕಟಿಂಗ್ ಶಾಪ್‌ನವನು "ಏನ್ ಸಾರ್, ಮುಂದೆ ತೆಳು ಆಗ್ತಾ ಇದೆ" ಅಂತ ಪ್ರತಿ ಸಲ ಹೇಳುತ್ತಿದ್ದವನು ಒಂದು ದಿನ ಹೇಳುವುದನ್ನೇ ನಿಲ್ಲಿಸಿದ. ನನಗೆ ಅದೇ ರಿಪೋರ್ಟ್.

ಈಗ ಪಿಆರ್‌ಪಿ. ಜಾಹೀರಾತು ಎಲ್ಲ ಇದರದ್ದೇ, ಅಲ್ವಾ? "ನಿಮ್ಮದೇ ರಕ್ತ, ಸೈಡ್ ಎಫೆಕ್ಟ್ ಇಲ್ಲ" ಅಂತ. ಆಗುವುದು ಇಷ್ಟು: ಕೈಯಿಂದ 20 ಎಂಎಲ್ ಆಸುಪಾಸು ರಕ್ತ ತೆಗೆದು, ಹೆಪ್ಪುಗಟ್ಟದ ಹಾಗೆ ಸಿಟ್ರೇಟ್ ಇರುವ ಟ್ಯೂಬಿಗೆ ತುಂಬಿ ಸೆಂಟ್ರಿಫ್ಯೂಜ್ ಅನ್ನುವ ಯಂತ್ರದಲ್ಲಿ ಗಿರಗಿರ ತಿರುಗಿಸುತ್ತಾರೆ. ನನಗೆ ತೆಗೆದು ತೋರಿಸಿದ್ದರು. ಕದಡದೆ ಇಟ್ಟ ತಿಳಿಸಾರಿನಲ್ಲಿ ಗಸಿ ಕೆಳಗೆ ಕೂತು ಮೇಲೆ ತಿಳಿ ನಿಲ್ಲುತ್ತಲ್ಲ, ಹಾಗೆ ಕೆಂಪು ಕಣವೆಲ್ಲ ತಳದಲ್ಲಿ, ಮೇಲೆ ಹಳದಿ ಪ್ಲಾಸ್ಮಾ, ನಡುವೆ ಬೆಳ್ಳನೆ ಒಂದು ತೆಳು ಗೆರೆ. ಆ ಗೆರೆಯ ಸುತ್ತಮುತ್ತಲೇ ಪ್ಲೇಟ್‌ಲೆಟ್ ಇರುವುದು. ಕೆಲವರು ಮೇಲಿನ ಹಳದಿಯನ್ನು ಎತ್ತಿ ಇನ್ನೊಮ್ಮೆ ತಿರುಗಿಸಿ, ತಳದ ಗಟ್ಟಿ ಭಾಗ ಮಾತ್ರ ಇಟ್ಟುಕೊಳ್ಳುತ್ತಾರೆ. ಡೆಂಗ್ಯೂ ಬಂದಾಗ ಕೌಂಟ್ ಕೌಂಟ್ ಅಂತ ಒದ್ದಾಡುತ್ತೇವಲ್ಲ, ಅದೇ ಪ್ಲೇಟ್‌ಲೆಟ್. ಮಾಮೂಲಾಗಿ ರಕ್ತದ ಒಂದು ಮೈಕ್ರೊಲೀಟರ್‌ನಲ್ಲಿ 1.5 ಲಕ್ಷದಿಂದ 4.5 ಲಕ್ಷ ಇರುತ್ತದೆ, ಪಿಆರ್‌ಪಿಯಲ್ಲಿ 10 ಲಕ್ಷದ ಹತ್ತಿರ ಇರಬೇಕು ಅನ್ನುತ್ತಾರೆ. ಗಾಯ ಮಾಗಿಸುವ ಬೆಳವಣಿಗೆ ಅಂಶಗಳು ಅವುಗಳೊಳಗೆ ಇವೆ, ಅವು ಕೂದಲ ಬೇರನ್ನೂ ಎಬ್ಬಿಸುತ್ತವೆ ಅನ್ನುವುದು ಲೆಕ್ಕಾಚಾರ.

ಇಲ್ಲೇ ನನ್ನ ತಕರಾರು. 10 ಲಕ್ಷ ಇದೆಯಾ ಅಂತ ಅಳೆದು ನೋಡುವವರು ಯಾರು? ನಾನು ಹೋದ ಕಡೆ ಯಾರೂ ಅಳೆಯಲಿಲ್ಲ. ಒಬ್ಬರು ಒಂದೇ ಸಲ ತಿರುಗಿಸುತ್ತಾರೆ, ಇನ್ನೊಬ್ಬರು ಎರಡು ಸಲ, ಒಬ್ಬರ ಟ್ಯೂಬ್ ಬೇರೆ, ಇನ್ನೊಬ್ಬರ ವೇಗ ಬೇರೆ. ಒಂದು ಕ್ಲಿನಿಕ್‌ನಲ್ಲಿ ಸಿರಿಂಜಿನಲ್ಲಿದ್ದದ್ದು ಹಳದಿ ಬದಲು ಗುಲಾಬಿ ಬಣ್ಣಕ್ಕಿತ್ತು, ಅಂದರೆ ಕೆಂಪು ಕಣ ಬೆರೆತಿದೆ ಅಂತ. ಕೇಳಿದ್ದಕ್ಕೆ "ಹಾಗೇ ಇರುತ್ತೆ ಸರ್" ಅಂದರು. ಅಲ್ಲಿಗೆ ಮತ್ತೆ ಹೋಗಲಿಲ್ಲ. ಟುಗೇನ್ ಬಾಟಲಿ ಬೆಂಗಳೂರಲ್ಲಿ ಕೊಂಡರೂ ಬೀದರ್‌ನಲ್ಲಿ ಕೊಂಡರೂ ಒಳಗಿರುವುದು ಒಂದೇ. ಪಿಆರ್‌ಪಿ ಹಾಗಲ್ಲ, ಹೆಸರು ಒಂದೇ, ಮಾಲು ಬೇರೆ ಬೇರೆ. ಇದರ ಮೇಲೆ ನಡೆದ ಪರೀಕ್ಷೆಗಳ ಪಾಡೂ ಅದೇ. ಕೂದಲು ಸ್ವಲ್ಪ ದಟ್ಟವಾಗುತ್ತದೆ ಅಂತ ಬಹಳಷ್ಟು ಹೇಳುತ್ತವೆ, ಆದರೆ ಪರೀಕ್ಷೆಗಳು ಚಿಕ್ಕವು, ಒಬ್ಬೊಬ್ಬರ ವಿಧಾನ ಒಂದೊಂದು, ಹಾಗಾಗಿ ಒಟ್ಟು ಸೇರಿಸಿ ನೋಡೋಕೆ ಕಷ್ಟ.

ನೋವಿನ ವಿಷಯ. ಮರಗಟ್ಟಿಸುವ ಕ್ರೀಮ್ ಹಚ್ಚುತ್ತಾರೆ, ಐಸ್ ಇಡುತ್ತಾರೆ, ಆದರೂ ಹಣೆಯ ಮೂಲೆಯಲ್ಲಿ ಸೂಜಿ ಹೋದಾಗ ಕಣ್ಣಲ್ಲಿ ನೀರು ಬರುತ್ತೆ. ನೆತ್ತಿಯಲ್ಲಿ ಅಷ್ಟಿಲ್ಲ. ಹಣೆಯ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡಿದ ಡಾಕ್ಟರ್ ಕೈಯಲ್ಲಿ ನೋವೇ ಆಗಲಿಲ್ಲ, ಆ ಇಂಜೆಕ್ಷನ್ನೇ ಉರಿ. ಆವತ್ತು ಬೈಕ್ ಬೇಡ. ಊದಿದ ತಲೆ ಮೇಲೆ ಹೆಲ್ಮೆಟ್ ಒತ್ತಿದರೆ ಸಿಗ್ನಲ್‌ನಲ್ಲೇ ಅಳು ಬರುತ್ತೆ, ಆಟೋ ಮಾಡಿಕೊಂಡು ಬನ್ನಿ. ಹಿಂದಿನ ವಾರ ತಲೆನೋವಿಗೆ ಅಂತ ಬ್ರೂಫೆನ್ ಥರದ್ದು ನುಂಗಬೇಡಿ ಅಂತ ಹೇಳಿರುತ್ತಾರೆ, ಅದು ಪ್ಲೇಟ್‌ಲೆಟ್‌ನ ಕೆಲಸ ಕೆಡಿಸುತ್ತದೆ.

ಖರ್ಚಿಗೆ ಬರೋಣ. ನನಗೆ ಒಂದು ಸಲಕ್ಕೆ 6,000 ರೂಪಾಯಿ. ತಿಂಗಳಿಗೊಂದರಂತೆ ಮೂರ್ನಾಲ್ಕು ಸಲ, ಆಮೇಲೆ ಆರು ತಿಂಗಳಿಗೊಮ್ಮೆಯಾದರೂ ಅನ್ನುತ್ತಾರೆ, ಮೊದಲ ವರ್ಷಕ್ಕೇ 30,000 ಹತ್ತಿರ. ಹನಿ ಮತ್ತು ಮಾತ್ರೆ ಎರಡೂ ಸೇರಿ ವರ್ಷಕ್ಕೆ 12,000 ದಾಟುವುದಿಲ್ಲ. ಅಂದರೆ ಎರಡು ಸಲ ಚುಚ್ಚಿಸಿಕೊಂಡ ದುಡ್ಡಲ್ಲಿ ವರ್ಷವಿಡೀ ಔಷಧಿ.

ಫಲ? ನಾನು ಹನಿ, ಮಾತ್ರೆ ನಡೆಸಿಕೊಂಡೇ ಪಿಆರ್‌ಪಿ ಮಾಡಿಸಿದ್ದರಿಂದ ಯಾವ ಕೂದಲು ಯಾರದ್ದು ಅಂತ ಹೆಸರು ಬರೆದಿಟ್ಟ ಹಾಗಿಲ್ಲ. ಕಂಡದ್ದು ಹೇಳುತ್ತೇನೆ: ಎರಡನೇ ಸಲದ ನಂತರ ಉದುರುವುದು ಕಮ್ಮಿಯಾಯಿತು, ಕೂದಲು ಕೈಗೆ ಸ್ವಲ್ಪ ದಪ್ಪ ಸಿಕ್ಕಿತು, ಫೋಟೋದಲ್ಲಿ ಡಾಕ್ಟರ್ ತೋರಿಸಿದಷ್ಟು ನನಗೆ ಕನ್ನಡಿಯಲ್ಲಿ ಕಾಣಲಿಲ್ಲ. ಒಂದು ಮಾತು, ಕ್ಲಿನಿಕ್ ಫೋಟೋ ನೋಡುವಾಗ ಬೆಳಕು ನೋಡಿ. ಮೊದಲನೆಯದು ಒದ್ದೆ ಕೂದಲು, ತಲೆ ಮೇಲೇ ಲೈಟು. ಎರಡನೆಯದು ಒಣ ಕೂದಲು, ಬಾಚಿದ್ದು. ನಿಲ್ಲಿಸಿದ ಮೇಲೆ ಪಿಆರ್‌ಪಿಯ ಲಾಭ ವರ್ಷದೊಳಗೆ ಕರಗಿತು. ಹನಿ ಬಿಟ್ಟರೂ ಹಾಗೇ, ಮೂರ್ನಾಲ್ಕು ತಿಂಗಳಲ್ಲಿ ಗಳಿಸಿದ್ದು ಹೋಗುತ್ತದೆ. ಇದರಲ್ಲಿ ಮೂರೂ ಒಂದೇ ಜಾತಿ.

ಜಿಎಫ್‌ಸಿ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ವಿಶೇಷ ಟ್ಯೂಬಿನಲ್ಲೇ ಪ್ಲೇಟ್‌ಲೆಟ್ ಒಡೆಸಿ, ಕಣಗಳಿಲ್ಲದ ದ್ರವ ಮಾತ್ರ ತೆಗೆದು ಚುಚ್ಚುತ್ತಾರೆ. ನೋವು ಸ್ವಲ್ಪ ಕಮ್ಮಿ, ಬಿಲ್ಲು ಹೆಚ್ಚುಕಮ್ಮಿ ಎರಡರಷ್ಟು. ಫಲದಲ್ಲಿ ವ್ಯತ್ಯಾಸ ನನಗಂತೂ ಕಾಣಲಿಲ್ಲ.

ಇದಕ್ಕಿಂತ ನನಗೆ ಇಷ್ಟವಾದದ್ದು ಸೂಜಿ ರೋಲರ್, ಅಂದರೆ ಮೈಕ್ರೊನೀಡ್ಲಿಂಗ್. ಮುಂಬೈಯ ವೈದ್ಯರು 2013ರಲ್ಲಿ 100 ಗಂಡಸರ ಮೇಲೆ ಮಾಡಿದ ಪರೀಕ್ಷೆಯಲ್ಲಿ, ಬರೀ ಮಿನಾಕ್ಸಿಡಿಲ್ ಹಚ್ಚಿದವರಿಗಿಂತ ಜೊತೆಗೆ ವಾರಕ್ಕೊಮ್ಮೆ 1.5 ಎಂಎಂ ಸೂಜಿಯ ರೋಲರ್ ಮಾಡಿಸಿಕೊಂಡವರಿಗೆ 12 ವಾರದಲ್ಲಿ ಹೊಸದಾಗಿ ಬಂದ ಕೂದಲು ಸುಮಾರು ನಾಲ್ಕು ಪಟ್ಟು ಇತ್ತು. ರಕ್ತ ತೆಗೆಯುವುದೂ ಇಲ್ಲ, ತಿರುಗಿಸುವುದೂ ಇಲ್ಲ. ಅಮ್ಮನ ಸಲಹೆಯನ್ನೂ ಹೇಳಿಬಿಡುತ್ತೇನೆ: "ಲೋ, ಗರುಗದ ಸೊಪ್ಪಿನ ಎಣ್ಣೆ ಹಚ್ಚೋ, ಈರುಳ್ಳಿ ರಸ ಹಚ್ಚೋ." ಎಣ್ಣೆಯಿಂದ ನಿದ್ದೆ ಚೆನ್ನಾಗಿ ಬಂತು. ಈರುಳ್ಳಿ ರಸದ ಮೇಲೆ ಪರೀಕ್ಷೆಯೊಂದು ನಡೆದಿರುವುದು ನಿಜ, ಆದರೆ ಅದು ದುಂಡಗೆ ತೇಪೆ ತೇಪೆಯಾಗಿ ಕೂದಲು ಹೋಗುವ ಕಾಯಿಲೆಗೆ, ವಂಶದ ಬೋಳಿಗಲ್ಲ.

ಮುಖದ್ದು ಇನ್ನೂ ಸ್ವಾರಸ್ಯ. ಗುಳಿಗಳಿಗೆ ಸೂಜಿ ಪೆನ್ ಆಡಿಸಿ ಮೇಲೆ ಪ್ಲಾಸ್ಮಾ ಹಚ್ಚುವುದು, ಇದೇ ಆ ವ್ಯಾಂಪೈರ್ ಫೇಶಿಯಲ್, 2013ರಲ್ಲಿ ಕಿಮ್ ಕಾರ್ಡಾಶಿಯನ್ ರಕ್ತಮಯ ಮುಖದ ಫೋಟೋ ಹಾಕಿದ ಮೇಲೆ ಜಗತ್ತಿಗೆಲ್ಲ ಗೊತ್ತಾದದ್ದು. ನಾನು ಡಾಕ್ಟರ್‌ಗೆ ಕೇಳಿದೆ, "ಮೇಡಂ, ಎಡಗೆನ್ನೆಗೆ ಪಿಆರ್‌ಪಿ ಹಾಕಿ, ಬಲಗೆನ್ನೆಗೆ ಬರೀ ಸಲೈನ್ ಹಾಕಿ, ನೋಡೋಣ." ನಕ್ಕರು, ಒಪ್ಪಿದರು. ಎಡಗಡೆ ಕೆಂಪು ಬೇಗ ಇಳಿಯಿತು, ಅದು ಸತ್ಯ. ತಿಂಗಳುಗಳಾದ ಮೇಲೆ ಗುಳಿ ಎರಡೂ ಕಡೆ ಒಂದೇ ಥರ ತುಂಬಿತ್ತು. ಹೆಂಡತಿಗೆ ಯಾವ ಕಡೆ ಚೆನ್ನಾಗಿದೆ ಹೇಳು ಅಂದರೆ ಬಲಗಡೆ ಅಂದಳು. ಕೆಲಸ ಮಾಡಿದ್ದು ಸೂಜಿ, ರಕ್ತ ಜೊತೆಗೆ ಬಂದ ಅತಿಥಿ ಅಂತ ನನ್ನ ತೀರ್ಮಾನ. ಶಿಕಾಗೋದಲ್ಲಿ ಬಿಸಿಲಿಗೆ ಮುಪ್ಪಾದ ಮುಖಗಳ ಮೇಲೆ ಹೀಗೇ ಒಂದು ಕಡೆ ಪಿಆರ್‌ಪಿ, ಒಂದು ಕಡೆ ಸಲೈನ್ ಚುಚ್ಚಿ ನೋಡಿದ್ದರು, 2018ರಲ್ಲಿ ಪ್ರಕಟವಾಯಿತು. ಚುಚ್ಚಿಸಿಕೊಂಡವರು ಪಿಆರ್‌ಪಿ ಕಡೆಯೇ ಮೇಲು ಅಂದರು, ಯಾವ ಕಡೆ ಏನು ಅಂತ ಗೊತ್ತಿಲ್ಲದೆ ನೋಡಿದ ಚರ್ಮವೈದ್ಯರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಮುಖದ ಕಾಂತಿಗೆ ಅಂತಲೇ ಕೇಳುವುದಾದರೆ ರಾತ್ರಿ ಬಟಾಣಿಯಷ್ಟು ಟ್ರೆಟಿನಾಯಿನ್ (ವಿಟಮಿನ್ ಎ ಜಾತಿಯ ಕ್ರೀಮ್), ಬೆಳಿಗ್ಗೆ ಸನ್‌ಸ್ಕ್ರೀನ್. ತಿಂಗಳಿಗೆ ಕೆಲವು ನೂರು ರೂಪಾಯಿ. ಮೊದಮೊದಲು ಸಿಪ್ಪೆ ಏಳುತ್ತದೆ, ಉರಿ ಇರುತ್ತೆ, ದಿನ ಬಿಟ್ಟು ದಿನ ಹಚ್ಚಿ. ಬಸುರಿಯರಿಗೆ, ಮಗು ಬೇಕು ಅಂತ ಇರುವವರಿಗೆ ಇದು ಬೇಡ, ಮಿನಾಕ್ಸಿಡಿಲ್ಲೂ ಬೇಡ.

ಪಿಆರ್‌ಪಿ ಯಾರಿಗೆ ಅಂತ ಕೇಳಿದರೆ, ಮಾತ್ರೆ ನುಂಗಲು ಒಪ್ಪದವರಿಗೆ, ಹನಿ ಆಗಿಬರದವರಿಗೆ, ಅಥವಾ ಎರಡೂ ನಡೆಯುತ್ತಿದ್ದು ಕೈಯಲ್ಲಿ ದುಡ್ಡು ಮಿಕ್ಕಿದ್ದವರಿಗೆ. ಪೂರ್ತಿ ನುಣ್ಣಗಾದ ಜಾಗಕ್ಕೆ ಬೇಡ, ಅಲ್ಲಿ ಎಬ್ಬಿಸಲು ಬೇರೇ ಉಳಿದಿರುವುದಿಲ್ಲ. ಡೆಂಗ್ಯೂ, ಟೈಫಾಯ್ಡ್ ಆಗಿ ಎರಡು ಮೂರು ತಿಂಗಳಿಗೆ ಕೈತುಂಬ ಉದುರುತ್ತಿದ್ದರೆ ಅದು ಬಹುಪಾಲು ತಾನಾಗಿಯೇ ನಿಲ್ಲುತ್ತದೆ, ಆಗ ಪ್ಯಾಕೇಜ್ ಮಾರಲು ಬಂದವರಿಗೆ ಕೈಮುಗಿದು ಎದ್ದು ಬನ್ನಿ. ಪ್ಲೇಟ್‌ಲೆಟ್ ಕಮ್ಮಿ ಇರುವವರು, ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಡಾಕ್ಟರ್‌ಗೆ ಮೊದಲೇ ಹೇಳಬೇಕು.

ಇನ್ನು ಎಲ್ಲಿ ಮಾಡಿಸುತ್ತೀರಿ ಅನ್ನುವುದು ಏನು ಮಾಡಿಸುತ್ತೀರಿ ಅನ್ನುವಷ್ಟೇ ಮುಖ್ಯ. ಅಮೆರಿಕದ ನ್ಯೂ ಮೆಕ್ಸಿಕೋದ ಒಂದು ಸ್ಪಾದಲ್ಲಿ ವ್ಯಾಂಪೈರ್ ಫೇಶಿಯಲ್ ಮಾಡಿಸಿಕೊಂಡ ಹೆಂಗಸರಿಗೆ ಎಚ್‌ಐವಿ ತಗುಲಿತು. 2018ರಲ್ಲಿ ಸ್ಪಾ ಮುಚ್ಚಿಸಿದರು, ಸರ್ಕಾರಿ ತನಿಖೆಯ ವರದಿ 2024ರಲ್ಲಿ ಬಂತು. ನಿಮ್ಮದೇ ರಕ್ತ ಅನ್ನುವ ಮಾತು ನಿಜವಾಗಬೇಕಾದರೆ ಟ್ಯೂಬಿನ ಮೇಲೆ ನಿಮ್ಮ ಹೆಸರು ಇರಬೇಕು, ಸೂಜಿ ನಿಮ್ಮ ಕಣ್ಣೆದುರೇ ಪ್ಯಾಕೆಟ್ ಒಡೆದು ತೆಗೆದದ್ದಾಗಿರಬೇಕು. ಬ್ಯೂಟಿ ಪಾರ್ಲರ್‌ನಲ್ಲಿ ಆಫರ್ ಇದೆ ಅಂದರೆ ಬೇಡವೇ ಬೇಡ. ಕ್ಲಿನಿಕ್‌ನಲ್ಲಾದರೆ ಗೋಡೆ ಮೇಲೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯಾ ನೋಡಿ, ಚುಚ್ಚುವವರು ಡಾಕ್ಟರಾ ಅಥವಾ ಟೆಕ್ನಿಷಿಯನ್ನಾ ಅಂತ ಕೇಳಿ, ಎಷ್ಟು ಸಲ ತಿರುಗಿಸುತ್ತೀರಿ ಅಂತಲೂ ಕೇಳಿ. ಎಂಟು ಸಲದ ಪ್ಯಾಕೇಜಿಗೆ ಇವತ್ತೇ ಕಟ್ಟಿದರೆ ಡಿಸ್ಕೌಂಟ್ ಅಂದರೆ, ಒಂದೇ ಸಲದ್ದು ಕಟ್ಟಿ ರಸೀದಿ ಇಸ್ಕೊಳ್ಳಿ.