ಎಳೆದೊಯ್ಯುವ ಕಾರಿನ ಹಿಂದೀಪ: ಡಯೋಡೇ, ಬೇರೆ ಬಲ್ಬೇ, ಅಯಸ್ಕಾಂತವೇ?

ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ವಾಹನ) ಹಿಂದೆ ಕಾರನ್ನು ಕಟ್ಟಿ ಎಳೆಯುವಾಗ ಅದರ ಬ್ರೇಕ್, ತಿರುವಿನ ಸೂಚನೆಗಳು ಕಾರಿನ ಹಿಂಬದಿಯಲ್ಲೂ ಕಾಣಬೇಕು. ಅಪರೂಪಕ್ಕೆ ಎಳೆಯುವವರಿಗೆ ಕಾರಿನ ಮೈಗೆ ಅಂಟಿಸುವ ಅಯಸ್ಕಾಂತದ ದೀಪ ಸಾಕು. ಆದರೆ ಅಡಿಯಲ್ಲಿ ಮರಳಿನ ಕಣ ಸಿಕ್ಕರೆ ಬಣ್ಣಕ್ಕೆ ಗೀರು ಬೀಳುತ್ತದೆ. ಅಲ್ಯೂಮಿನಿಯಂ, ಪ್ಲಾಸ್ಟಿಕ್ ಮೈಗೆ ಅದು ಅಂಟುವುದೇ ಇಲ್ಲ.

ಪದೇ ಪದೇ ಎಳೆಯುವವರಿಗೆ ಎರಡು ದಾರಿಗಳಿವೆ. ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿದರೆ ಮೋಟರ್‌ಹೋಮ್‌ನ ವಿದ್ಯುತ್ತಿನಿಂದ ಕಾರಿನ ಬಲ್ಬುಗಳೇ ಉರಿಯುತ್ತವೆ. ವಿದ್ಯುತ್ತು ಹಿಮ್ಮುಖವಾಗಿ ಕಾರಿನ ಸರ್ಕ್ಯೂಟ್‌ಗಳಿಗೆ ನುಗ್ಗದಂತೆ ಡಯೋಡ್ ತಡೆಯುತ್ತದೆ. ಆದರೆ ಮೂಲ ತಂತಿಯನ್ನೇ ಕತ್ತರಿಸಬೇಕು. ಬಲ್ಬು ಕೆಟ್ಟಿದೆಯೇ ಎಂದು ಕಂಪ್ಯೂಟರ್ ತಾನೇ ಪರೀಕ್ಷಿಸುವ ಹೊಸ ಕಾರುಗಳಲ್ಲಿ ನಾನಂತೂ ಆ ಕತ್ತರಿ ಹಿಡಿಯಲಾರೆ. ದೀಪದ ಗೂಡಿಗೆ ರಂಧ್ರ ಕೊರೆದು ಪ್ರತ್ಯೇಕ ಬಲ್ಬು ಕೂರಿಸಿದರೆ ಕಾರಿನ ವೈರಿಂಗ್ ಮುಟ್ಟುವ ಪ್ರಮೇಯವೇ ಇಲ್ಲ. ಒಳಗೆ ಜಾಗವಿರಬೇಕು, ನೀರು ಇಳಿಯದಂತೆ ರಂಧ್ರವನ್ನು ಮುಚ್ಚಬೇಕು.

ಯಾವುದನ್ನು ಆರಿಸಿದರೂ ಅರ್ತ್ ತಂತಿ ಬಿಗಿಯಾಗಿರಲಿ. ಅದು ಸಡಿಲವಾದರೆ ಎಡಕ್ಕೆ ಸೂಚಿಸಿದಾಗ ಬಲದ ದೀಪವೂ ಮಿಣುಕಬಹುದು.